ಮಂದ್ರಕ್ಕೊಂದು ಮನೆ

ದೆಹಲಿಯ ಕರೋಲ್ ಬಾಗ್‌ನಲ್ಲಿ ಖಜೂರ್ ರೋಡ್ ಎಂಬ ಬೀದಿ. ಅಲ್ಲಿದ್ದ ನೂರು ವರ್ಷದಷ್ಟು ಹಳೆಯ ಬಂಗಲೆಯೊಂದರ ನಂಬರು 16/330. ಇಂಡಿಯನ್ ಓಷನ್ ತಂಡದವರು ಹತ್ತು ವರ್ಷಕ್ಕೂ ಮಿಕ್ಕಿ ಆ ಮನೆಯಲ್ಲಿ ಕೂತು ಹಾಡು ಕಟ್ಟಿದರು, ಜಗಳವಾಡಿದರು, ಮತ್ತೆ ಕೂಡಿ ನುಡಿಸಿದರು. 2010ರಲ್ಲಿ ಆ ವಿಳಾಸವನ್ನೇ ತಮ್ಮ ಹೊಸ ಹಾಡುಗಳ ಸಂಕಲನಕ್ಕೆ ಹೆಸರಾಗಿಟ್ಟರು. ಹಾಡಿಗೆ ರಾಗದ ಹೆಸರು, ಊರಿನ ಹೆಸರು, ನದಿಯ ಹೆಸರು ಇಡುವುದುಂಟು. ಬಾಗಿಲ ನಂಬರು ಇಟ್ಟಿದ್ದು ಅಪರೂಪ. ಆ ತಂಡಕ್ಕೆ ಮನೆಯ ಋಣ ಅಷ್ಟು ದೊಡ್ಡದಿತ್ತು. ಅದರಲ್ಲೂ ಬೇಸ್ ಗಿಟಾರ್ ನುಡಿಸುವವನಿಗೆ ಮನೆ ಎಂದರೆ ಬರೀ ಸೂರಲ್ಲ. ಅದು ಅವನ ವಾದ್ಯದ ಅರ್ಧ ಭಾಗ.

ಹಾಗೆನ್ನಲು ಕಾರಣವಿದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರಿಗೂ ಉದ್ದ. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ ಅದು ಪೂರ್ತಿ ಮೈ ಚಾಚಲಾರದು. ಗೋಡೆಗೆ ಬಡಿದು ಹಿಂದಿರುಗುತ್ತದೆ, ಒಂದು ಮೂಲೆಯಲ್ಲಿ ಉಕ್ಕಿ ಇನ್ನೊಂದು ಕಡೆ ಇಲ್ಲವಾಗುತ್ತದೆ, ಉಳಿದದ್ದು ಗೋಡೆ ದಾಟಿ ಪಕ್ಕದ ಮನೆಯ ಪಾತ್ರೆ ನಡುಗಿಸುತ್ತದೆ. ಮದುವೆ ಮನೆಯ ಆರ್ಕೆಸ್ಟ್ರಾ ಎರಡು ಬೀದಿ ಆಚೆಗೆ ಕೇಳಿದಾಗ ಹಾಡುವವರ ದನಿ ಇರುವುದಿಲ್ಲ, ಧುಂ ಧುಂ ಮಾತ್ರ ಇರುತ್ತದೆ. ಎಲ್ಲಕ್ಕಿಂತ ದೂರ ಹೋಗುವ ದನಿ ಅದು. ಎಲ್ಲಕ್ಕಿಂತ ಕಡಿಮೆ ಗಮನ ಸಿಗುವ ದನಿಯೂ ಅದೇ.

ಆದರೂ ಕನ್ನಡದ ಕಿವಿಗೆ ಬೇಸ್ ಹೊಸದಲ್ಲ. 1981ರಲ್ಲಿ ಬಂದ ಶಂಕರ್‌ನಾಗ್ ಅವರ ‘ಗೀತಾ’ ಸಿನಿಮಾದ ಹಾಡುಗಳನ್ನು ನೆನಪು ಮಾಡಿಕೊಂಡರೆ ಸಾಕು. ಇಳಯರಾಜ ಅಲ್ಲಿ ಬೇಸ್ ಗಿಟಾರಿಗೆ ತಾಳ ಹಾಕುವ ಕೆಲಸವನ್ನಷ್ಟೇ ಕೊಡಲಿಲ್ಲ. ದನಿಯ ಕೆಳಗೆ ತನ್ನದೇ ಒಂದು ಪದ ಹಾಡಿಕೊಂಡು ನಡೆಯಲು ಬಿಟ್ಟರು. ಹಾಡನ್ನು ಗುನುಗುವವರು ಎಷ್ಟೋ ಸಲ ಗೊತ್ತಿಲ್ಲದೆ ಆ ಬೇಸಿನ ನಡೆಯನ್ನೂ ಗುನುಗುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ತಂಬೂರಿ ಇದೆ. ಅದರ ಕೊನೆಯ ತಂತಿ ಮಂದ್ರ ಷಡ್ಜ. ಕುದುರೆಯ ಮೇಲೆ ತಂತಿಯ ಕೆಳಗೆ ಎಳೆದ ನೂಲಿನಿಂದಾಗಿ ಆ ಒಂದು ತಂತಿಯಿಂದ ಮೇಲಿನ ಎಷ್ಟೋ ಸ್ವರಗಳು ಹೊಮ್ಮುತ್ತವೆ. ಕೆಳಗಿನ ದನಿ ಗಟ್ಟಿಯಾಗಿದ್ದರೆ ಮೇಲಿನದು ತಾನಾಗಿ ನಿಲ್ಲುತ್ತದೆ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು.

ವಿದ್ಯುತ್ ಬೇಸ್ ಮಾತ್ರ ಈಚಿನದು. 1936ರ ಹೊತ್ತಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್ಮಾರ್ಕ್ ಎಂಬಾತ ಆಡಿಯೊವಾಕ್ಸ್ 736 ಎಂಬ ವಾದ್ಯ ಮಾಡಿದ್ದ. ಕೆಲವೇ ಕೆಲವು ತಯಾರಾಗಿ ಮರೆತುಹೋದವು. 1951ರಲ್ಲಿ ಕ್ಯಾಲಿಫೋರ್ನಿಯಾದ ರೇಡಿಯೊ ರಿಪೇರಿಯ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಹೊರತಂದಾಗ ವಾದ್ಯ ನಿಜವಾಗಿ ಹುಟ್ಟಿತು. ಆಳೆತ್ತರದ ಡಬಲ್ ಬೇಸಿಗೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು. ಫೆಂಡರ್ ವೀಣೆಯಂತೆ ಮೆಟ್ಟಿಲು ಕೂರಿಸಿದ. ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಎಂಬುದಕ್ಕೇ ಪ್ರಿಸಿಷನ್ ಎಂಬ ಹೆಸರು. ಅವನು ಗೊತ್ತು ಮಾಡಿದ 34 ಇಂಚಿನ ತಂತಿಯ ಉದ್ದ ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ.

ವಾದ್ಯ ಮಾಡಿದ ಮೇಲೆ ಅದಕ್ಕೆ ಗಂಟಲು ಬೇಕಾಯಿತು. 1952ರಲ್ಲಿ ಫೆಂಡರ್ ಬಾಸ್‌ಮನ್ ಎಂಬ ಆಂಪ್ಲಿಫೈಯರ್ ತಂದ. 15 ಇಂಚಿನ ಒಂದು ಸ್ಪೀಕರು, ಒಂದಿಷ್ಟು ವಾಲ್ವ್‌ಗಳು. ಮುಂದೆ ಗಿಟಾರ್ ನುಡಿಸುವವರು ಅದನ್ನು ತಮ್ಮದಾಗಿ ಮಾಡಿಕೊಂಡರು. 1962ರಲ್ಲಿ ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರ್ ಮಾಡಿದ್ದು ಬಾಸ್‌ಮನ್‌ನ ವಿನ್ಯಾಸ ನೋಡಿಕೊಂಡೇ. ಹೀಗೆ ರಾಕ್ ಗಿಟಾರಿನ ಆ ಹೆಸರಾಂತ ಗರ್ಜನೆ ಹುಟ್ಟಿದ್ದು ಬೇಸಿಗೆಂದು ಕಟ್ಟಿದ ಪೆಟ್ಟಿಗೆಯಿಂದ. ಬೇಸಿನವರು ಇನ್ನೂ ದೊಡ್ಡ ಪೆಟ್ಟಿಗೆ ಹುಡುಕಿಕೊಂಡು ಹೋದರು. 1969ರಲ್ಲಿ ಆಂಪೆಗ್ ಕಂಪನಿ ಎಸ್‌ವಿಟಿ ತಂದಿತು. ಶಕ್ತಿ 300 ವಾಟ್, ಒಂದೊಂದು ಪೆಟ್ಟಿಗೆಯಲ್ಲಿ ಹತ್ತಿಂಚಿನ ಎಂಟು ಸ್ಪೀಕರು. ಅದನ್ನು ಮೆಟ್ಟಿಲು ಹತ್ತಿಸಲು ಇಬ್ಬರು ಗಟ್ಟಿಗರು ಬೇಕು.

ಇಷ್ಟು ಭಾರದ್ದು, ಇಷ್ಟು ದುಬಾರಿಯದು, ಆಮದು ಲೈಸೆನ್ಸಿನ ಕಾಲದ ಭಾರತಕ್ಕೆ ಬರುವುದಾದರೂ ಹೇಗೆ?

ಮುಂಬೈ ಮತ್ತು ಮದ್ರಾಸಿಗೆ ಒಂದು ಅನುಕೂಲವಿತ್ತು. ಅಲ್ಲಿ ಸಿನಿಮಾ ಇತ್ತು. ಆರ್.ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಟೋನಿ ವಾಜ್ ಬೇಸ್ ನುಡಿಸುತ್ತಿದ್ದರು ಎಂದರೆ ಅದೊಂದು ಉದ್ಯೋಗ. ಸ್ಟುಡಿಯೊ ಇತ್ತು, ಕೆಲಸವಿತ್ತು, ಕೂಲಿ ಇತ್ತು. ದೆಹಲಿಯಲ್ಲಿ ಆಕಾಶವಾಣಿ ಇತ್ತು. 1952ರಲ್ಲಿ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅಲ್ಲಿ ವಾದ್ಯವೃಂದ ಕಟ್ಟಿದರು. ಆದರೆ ಅದು ದೇಶದ ರಾಗಗಳಿಗೆಂದು ಕಟ್ಟಿದ ವೃಂದ. ಕನಾಟ್ ಪ್ಲೇಸಿನ ರೆಸ್ಟೊರೆಂಟುಗಳಲ್ಲಿ ಸಂಜೆ ಹೊತ್ತು ಬ್ಯಾಂಡು ನುಡಿಸುತ್ತಿದ್ದವರಿಗೆ ಒಂದಿಷ್ಟು ಕೆಲಸವಿತ್ತು, ಅಷ್ಟೆ. ಸಿನಿಮಾ ಇಲ್ಲದ ಊರಿನಲ್ಲಿ ಬೇಸ್ ಬೆಳೆದದ್ದು ಕಾಲೇಜಿನ ಹಬ್ಬಗಳಲ್ಲಿ ಮತ್ತು ಮನೆಗಳ ಒಳಕೋಣೆಗಳಲ್ಲಿ. ಯಾರೂ ಹೀಗೆ ನುಡಿಸು ಎಂದು ಹೇಳಲಿಲ್ಲವಾದ್ದರಿಂದಲೇ ದೆಹಲಿಯ ಬೇಸ್ ಬೇರೆ ಥರ ಆಯಿತು.

ವಾದ್ಯದ ಅಂಗಡಿಗಳೇನೋ ದೆಹಲಿಯಲ್ಲಿ ಘನವಾದವೇ ಇದ್ದವು. ರಿಖಿ ರಾಮ್ ಮನೆತನ 1920ರಲ್ಲಿ ಲಾಹೋರಿನಲ್ಲಿ ಅಂಗಡಿ ತೆರೆದದ್ದು. ದೇಶ ಒಡೆದ ಮೇಲೆ ದೆಹಲಿಗೆ ಬಂದು ಕನಾಟ್ ಪ್ಲೇಸಿನಲ್ಲಿ ಮತ್ತೆ ಬಾಗಿಲು ತೆರೆದರು. 1966ರ ಜುಲೈಯಲ್ಲಿ ಮನಿಲಾದಿಂದ ಹಿಂದಿರುಗುತ್ತ ದೆಹಲಿಯಲ್ಲಿ ಇಳಿದ ಬೀಟಲ್ಸ್ ತಂಡ ವಾದ್ಯ ಕೊಂಡದ್ದು ಅವರಿಂದಲೇ. ಜಾರ್ಜ್ ಹ್ಯಾರಿಸನ್ ಸಿತಾರ್ ತೆಗೆದುಕೊಂಡ. ಅದೇ ತಂಡದ ಪಾಲ್ ಮೆಕಾರ್ಟ್ನಿ ಜಗತ್ತಿನ ಅತ್ಯಂತ ಪ್ರಸಿದ್ಧ ಬೇಸ್ ವಾದಕ, ಪಿಟೀಲಿನ ಆಕಾರದ ಜರ್ಮನ್ ಹಾಫ್ನರ್ ಅವನ ಗುರುತು. ಅಂದು ಇಡೀ ಕನಾಟ್ ಪ್ಲೇಸ್ ಸುತ್ತಿದ್ದರೂ ಅವನಿಗೆ ಬೇಕಾದಂಥ ಬೇಸ್ ಆಂಪ್ಲಿಫೈಯರ್ ಸಿಗುವುದು ಕಷ್ಟವಿತ್ತು. ದೆಹಲಿ ಜಗತ್ತಿಗೆ ಸಿತಾರ್ ಕೊಡಬಲ್ಲುದಾಗಿತ್ತು. ತನ್ನ ಹುಡುಗರಿಗೆ ಬೇಸ್ ಕೊಡುವುದು ಅದರ ಕೈಲಿ ಇರಲಿಲ್ಲ.

ಹುಡುಗರು ಬಿಡಲಿಲ್ಲ. ಸಿಗರೇಟ್ ಬ್ರ್ಯಾಂಡೊಂದರ ಹೆಸರಿನಲ್ಲಿ ನಡೆದ ಸಿಮ್ಲಾ ಬೀಟ್ ಸ್ಪರ್ಧೆಯ 1970 ಮತ್ತು 71ರ ಧ್ವನಿಮುದ್ರಿಕೆಗಳು ಇಂದಿಗೂ ಇವೆ. ಬೆಂಗಳೂರಿನ ಡೈನೊಸಾರ್ಸ್, ಶಿಲ್ಲಾಂಗಿನ ಫೆಂಟೋನ್ಸ್, ಮದ್ರಾಸಿನ ಕನ್‌ಫ್ಯೂಷನ್ಸ್ ಮೊದಲಾದ ತಂಡಗಳು ಅದರಲ್ಲಿವೆ. ಅವನ್ನು ಕಿವಿಗೊಟ್ಟು ಕೇಳಿದರೆ ಆ ಕಾಲದ ಬಡತನವೂ ಹುರುಪೂ ಎರಡೂ ಬೇಸಿನಲ್ಲೇ ಗೊತ್ತಾಗುತ್ತವೆ. ದನಿ ಮಸುಕು, ನಡೆ ಮಾತ್ರ ಛಲದ್ದು. ಕೋಲ್ಕತ್ತಾದಲ್ಲಿ ತಯಾರಾಗುತ್ತಿದ್ದ ಗಿವ್ಸನ್, ಹಾಬ್ನರ್ ಎಂಬ ಅಗ್ಗದ ಗಿಟಾರುಗಳು ಎಷ್ಟೋ ಊರುಗಳ ಕಲಿಕೆಗೆ ಆಸರೆಯಾದವು. ಅವುಗಳ ಕತ್ತು ಬಾಗುತ್ತಿತ್ತು, ಬಿರಡೆ ಜಾರುತ್ತಿತ್ತು. ಒಳ್ಳೆಯ ವಾದ್ಯ ಬೇಕಾದವರು ವಿದೇಶದಿಂದ ಬರುವ ನೆಂಟರ ಸೂಟ್‌ಕೇಸನ್ನು ಕಾಯಬೇಕಿತ್ತು.

ವಾದ್ಯ ಸೂಟ್‌ಕೇಸಿನ ಜೊತೆಗೆ ಬಂದೀತು, ಆಂಪ್ಲಿಫೈಯರ್ ಬಾರದು. ಇಲ್ಲಿ ದೆಹಲಿಯ ಇನ್ನೊಂದು ಕಸುಬು ಕೈಹಿಡಿಯಿತು. ಕರ್ನಾಟಕದ ಯಾವ ಹಳ್ಳಿಯ ಜಾತ್ರೆಗೆ ಹೋದರೂ, ಯಕ್ಷಗಾನದ ರಂಗಸ್ಥಳದ ಪಕ್ಕ ನೋಡಿದರೂ, ಮೈಕ್ ಸೆಟ್ಟಿನವನ ಮೇಜಿನ ಮೇಲೆ ಅಹುಜಾ ಎಂಬ ಹೆಸರು ಕಾಣುತ್ತದೆ. ಅದು ದೆಹಲಿಯ ಕಂಪನಿ, 1940ರಿಂದ ನಡೆದುಬಂದದ್ದು. ರಾಜಕಾರಣಿಯ ಭಾಷಣ, ದೇವಸ್ಥಾನದ ಸುಪ್ರಭಾತ, ಶಾಲೆಯ ರಾಷ್ಟ್ರಗೀತೆ ಎಲ್ಲವೂ ಅದರ ಮೂಲಕವೇ ಊರಿಗೆ ಕೇಳಿಸಿದವು. ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಸ್ಪೀಕರು, ಟ್ರಾನ್ಸ್‌ಫಾರ್ಮರು, ವೈರು ಏನು ಬೇಕಾದರೂ ಸಿಗುತ್ತಿತ್ತು. ಬಡಗಿಯಿಂದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಸ್ಪೀಕರು ಕೂರಿಸಿ, ಮೈಕಿನ ಆಂಪ್ಲಿಫೈಯರಿಗೆ ಬೇಸ್ ಸಿಕ್ಕಿಸಿದರೆ ಆಯಿತು. ಭಾರತದ ಊರೂರಿನಲ್ಲಿ ಒಂದು ತಲೆಮಾರು ಹೀಗೇ ಕಲಿತದ್ದು.

ತೊಂದರೆ ಏನೆಂದರೆ, ಆ ಯಂತ್ರಗಳು ಮಾತಿಗೆಂದು ಹುಟ್ಟಿದವು. ಕಂಬದ ಮೇಲಿನ ಹಾರ್ನ್ ಸ್ಪೀಕರು ಸುಮಾರು 300 ಕಂಪನಕ್ಕಿಂತ ಕೆಳಗಿನದನ್ನು ನುಡಿಸುವುದೇ ಇಲ್ಲ. ಮಾತು ಸ್ಪಷ್ಟ ಕೇಳಲು ಅದು ಬೇಕಾಗಿಯೂ ಇಲ್ಲ. ಬೇಸಿನ ನಾಲ್ಕು ಬಿಡಿ ತಂತಿಗಳೋ 41, 55, 73, 98 ಕಂಪನದವು. ನಾಲ್ಕೂ ಹಾರ್ನಿನ ಹೊಸ್ತಿಲಿನ ಹೊರಗೆ. ಕೇಳುತ್ತಿದ್ದದ್ದು ಬೆರಳು ತಂತಿಗೆ ತಾಕುವ ಟಕ್ ಟಕ್ ಮತ್ತು ಆ ಸ್ವರದ ಮೇಲಿನ ಛಾಯೆಗಳು. ಇಲ್ಲಿ ಮನುಷ್ಯನ ಮಿದುಳು ದೊಡ್ಡ ಉಪಕಾರ ಮಾಡಿತು. ಬುಡದ ಸ್ವರ ಇಲ್ಲದಿದ್ದರೂ ಅದರ ಮೇಲಿನ ಛಾಯೆಗಳು ಸರಿಯಾದ ಲೆಕ್ಕದಲ್ಲಿ ಕೇಳಿದರೆ ಮಿದುಳು ಬುಡವನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲೂ ಬೇಸ್ ಕೇಳಿದಂತಾಗುವುದು ಹೀಗೆ. ಒಂದಿಡೀ ದೇಶ ದಶಕಗಳ ಕಾಲ ತಾನು ನಿಜವಾಗಿ ಕೇಳದ ಬೇಸನ್ನು ಹೀಗೆ ಕಟ್ಟಿಕೊಂಡು ಕೇಳಿತು.

ಇನ್ನೊಂದು ಕಾಟ ಕರೆಂಟಿನದು. ಅಮೆರಿಕದಿಂದ ತಂದ ಯಂತ್ರ 110 ವೋಲ್ಟಿನದು, ನಮ್ಮದು 230. ನಡುವೆ ಇಟ್ಟಿಗೆ ತೂಕದ ಟ್ರಾನ್ಸ್‌ಫಾರ್ಮರ್ ಇಡಲೇಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು ಗುಂಯ್‌ಗುಡುವಿಕೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ನಮ್ಮ ಕರೆಂಟು ಸೆಕೆಂಡಿಗೆ 50 ಕಂಪನದಲ್ಲಿ ಗುಂಯ್ ಎನ್ನುತ್ತದೆ. ದಪ್ಪ ತಂತಿಯ ಮೂರನೇ ಮೆಟ್ಟಿಲಿನ ಸ್ವರ 49. ಎರಡೂ ಕೂಡಿದರೆ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುವ ಒಂದು ವಿಚಿತ್ರ ಅಲೆ ಏಳುತ್ತದೆ. ತೆಳು ತಂತಿಯನ್ನು ಬಿಡಿಯಾಗಿ ಮೀಟಿದರೆ 98. ಅದರ ಪಕ್ಕದಲ್ಲೇ ಕರೆಂಟಿನ ಎರಡನೇ ದನಿ 100. ಅಮೆರಿಕದಲ್ಲಿ ಕರೆಂಟು 60ರದು, ಅಲ್ಲಿನವರಿಗೆ ಈ ಕಾಟ ಬೇರೆ ಸ್ವರದಲ್ಲಿ. ಭಾರತದ ಬೇಸಿನವನಿಗೆ ಮಾತ್ರ ಮನೆಯ ಗೋಡೆಯೊಳಗೇ ಒಂದು ಶ್ರುತಿಪೆಟ್ಟಿಗೆ. ಅದು ತುಸು ಏರಿದ ಶ್ರುತಿಯಲ್ಲಿ ಹಗಲೂ ರಾತ್ರಿ ನುಡಿಯುತ್ತಿರುತ್ತದೆ.

ದೆಹಲಿಯ ಹವೆ ಇದಕ್ಕೆ ಮತ್ತೊಂದನ್ನು ಸೇರಿಸುತ್ತದೆ. ನಾಲ್ಕು ತಂತಿಗಳು ಸೇರಿ ವಾದ್ಯದ ಕತ್ತನ್ನು 70 ಕಿಲೋಗೂ ಹೆಚ್ಚಿನ ಬಲದಿಂದ ಎಳೆಯುತ್ತಿರುತ್ತವೆ. ಮೇ ತಿಂಗಳ ಲೂ ಎಂಬ ಬಿಸಿಗಾಳಿಗೆ ಮರ ಒಣಗುತ್ತದೆ, ಆಗಸ್ಟಿನ ತೇವಕ್ಕೆ ಉಬ್ಬುತ್ತದೆ, ಜನವರಿಯ ಮಂಜಿಗೆ ಮತ್ತೆ ಬದಲು. ಪ್ರತಿ ಋತುವಿಗೂ ಕತ್ತು ಒಂದು ಕೂದಲೆಳೆ ಬಾಗುತ್ತದೆ. ಕತ್ತಿನೊಳಗೆ ಹುದುಗಿಸಿದ ಉಕ್ಕಿನ ಸರಳಿಗೆ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಬೇಕು. ಆತುರಪಟ್ಟವರ ವಾದ್ಯ ಸೀಳುತ್ತದೆ.

ತಂತಿಯ ಕಥೆ ಅಡುಗೆಮನೆಯದು. ಬೇಸಿನ ತಂತಿ ಎಂದರೆ ನಡುವೆ ಒಂದು ಉಕ್ಕಿನ ಎಳೆ, ಅದರ ಸುತ್ತ ಸುರುಳಿ ಸುತ್ತಿದ ಇನ್ನೊಂದು ತಂತಿ. ಬೆರಳಿನ ಬೆವರು, ಎಣ್ಣೆ, ದೂಳು ಆ ಸುರುಳಿಯ ಸಂದುಗಳಲ್ಲಿ ಕೂತರೆ ದನಿ ಸಾಯುತ್ತದೆ. ಹೊಸ ತಂತಿ ಸಿಗದ, ಸಿಕ್ಕರೂ ಕೈಗೆಟುಕದ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಉಪಾಯ ಒಂದೇ. ತಂತಿ ಬಿಚ್ಚಿ, ಬಳೆಯಂತೆ ಸುತ್ತಿ, ಪಾತ್ರೆಯಲ್ಲಿ ನೀರು ಕುದಿಸಿ, ಹತ್ತು ನಿಮಿಷ ಬೇಯಿಸುವುದು. ನೀರಿನ ಮೇಲೆ ಬೂದು ಬಣ್ಣದ ಪೊರೆ ಕಟ್ಟುತ್ತದೆ. ಇಕ್ಕಳದಲ್ಲಿ ತೆಗೆದು, ಟವಲಿನಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟಿದರೆ ಕೆಲವು ದಿನ ಹೊಸದರಂತೆ ನುಡಿಯುತ್ತದೆ. ಆಮೇಲೆ ಮತ್ತೆ ಒಲೆ. ಮೂರು ನಾಲ್ಕು ಸಲ ಬೇಯಿಸಿದ ತಂತಿ ಬಿರಡೆಯ ಹತ್ತಿರ ತುಂಡಾಗುತ್ತದೆ. ಈ ಕೆಲಸ ಜಗತ್ತಿನ ಎಲ್ಲ ಕಡೆ ಇತ್ತು. ನಮ್ಮಲ್ಲಿ ಅದು ಹೆಚ್ಚು ಕಾಲ ಉಳಿಯಿತು.

1988ರ ಸೆಪ್ಟೆಂಬರ್ 30ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಆಮ್ನೆಸ್ಟಿ ಸಂಸ್ಥೆಯ ಮಾನವ ಹಕ್ಕುಗಳ ಕಛೇರಿ ನಡೆಯಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್ಮನ್, ಸೆನೆಗಲ್ಲಿನ ಯೂಸು ಎನ್ದೂರ್, ಮತ್ತು ಬೇಸ್ ನುಡಿಸುತ್ತಲೇ ಹಾಡಿ ಹೆಸರಾದ ಸ್ಟಿಂಗ್ ಬಂದಿದ್ದರು. ಜಗತ್ತಿನ ದೊಡ್ಡ ತಂಡಗಳ ಜೊತೆ ಓಡಾಡುವ ಧ್ವನಿವ್ಯವಸ್ಥೆ ಎದುರಿಗೆ ನಿಂತಾಗ ಬೇಸ್ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಮಿದುಳು ಕಟ್ಟಿಕೊಳ್ಳಬೇಕಿಲ್ಲದ, ಮೈಗೇ ತಾಗುವ ಬೇಸ್ ಅಂದು ದೆಹಲಿಯ ಎಳೆಯರಿಗೆ ಸಿಕ್ಕಿತು.

ಮೂರೇ ವರ್ಷಕ್ಕೆ ಊರು ಬದಲಾಯಿತು. 1991ರ ಜೂನ್ 17ರಂದು ಪರಿಕ್ರಮ ತಂಡ ಹುಟ್ಟಿತು. ಬೇಸಿಗೆ ಚಿಂತನ್ ಕಾಲ್ರಾ. ಹಾಡುಗಳನ್ನು ಮಾರುವುದಿಲ್ಲ, ಪುಕ್ಕಟೆ ಹಂಚುತ್ತೇವೆ ಎಂಬುದು ಆ ತಂಡದ ನಿಲುವು. ವೇದಿಕೆಯ ದುಡಿಮೆಯಿಂದಲೇ ಅವರು ದಶಕಗಳ ಕಾಲ ನಿಂತರು. ಅದಕ್ಕೂ ಒಂದು ವರ್ಷ ಮೊದಲು, 1990ರಲ್ಲಿ, ಗಿಟಾರಿನ ಸುಸ್ಮಿತ್ ಸೇನ್ ಮತ್ತು ತಬಲಾ ನುಡಿಸುತ್ತ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ ಇಂಡಿಯನ್ ಓಷನ್ ಕಟ್ಟಿದ್ದರು. 1991ರಲ್ಲಿ ಅವರಿಗೊಬ್ಬ ಹೊಸ ಬೇಸ್ ವಾದಕ ಸಿಕ್ಕ. ಹೆಸರು ರಾಹುಲ್ ರಾಮ್.

ಈ ಹೆಸರಿನ ಹಿಂದೆ ಹೊಳೆನರಸೀಪುರವಿದೆ. ಹೇಮಾವತಿ ದಂಡೆಯ ಆ ಊರಿನ ಯೋಗಾನರಸಿಂಹಂ 1897ರಲ್ಲಿ ಹುಟ್ಟಿದವರು. ಶಿಕ್ಷಕರಾಗಿ ಬಾಳಿದರು, ಜೊತೆಗೆ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರ ರಚನೆಗಳ ಸಂಕಲನ ‘ಗೀತಕುಸುಮಾಂಜಲಿ’ ಸಂಗೀತ ಬಲ್ಲವರ ಮನೆಗಳಲ್ಲಿ ಇಂದಿಗೂ ಇದೆ. ಅವರ ಮಗ ಎಚ್.ವೈ. ಶಾರದಾಪ್ರಸಾದ್ 1942ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಚಳವಳಿಗೆ ಇಳಿದು ಜೈಲು ಕಂಡವರು. ಮುಂದೆ ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿ, ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರಾಗಿ ಕನ್ನಡಿಗರಿಗೆ ಪರಿಚಿತರು. ಇನ್ನೊಬ್ಬ ಮಗ ಎಚ್.ವೈ. ಮೋಹನ್ ರಾಮ್, 1930ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಸ್ಯವಿಜ್ಞಾನಿ, ದೆಹಲಿ ವಿಶ್ವವಿದ್ಯಾಲಯದ ಹೆಸರಾಂತ ಮೇಷ್ಟ್ರು. ಅವರ ಮಗನೇ ರಾಹುಲ್.

ಅಜ್ಜನದು ಕೃತಿ, ಅಪ್ಪನದು ಗಿಡ, ಮೊಮ್ಮಗನದು ಬೇಸ್ ಗಿಟಾರ್. ರಾಹುಲ್ ರಸಾಯನಶಾಸ್ತ್ರ ಓದಿ, ಐಐಟಿ ಕಾನ್ಪುರ ದಾಟಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಷಗಳ ಕುರಿತು ಪಿಎಚ್.ಡಿ. ಮಾಡಿದರು. ಹಿಂದಿರುಗಿ ಪ್ರಯೋಗಾಲಯಕ್ಕೆ ಹೋಗಲಿಲ್ಲ. ನರ್ಮದಾ ಕಣಿವೆಗೆ ಹೋದರು. ಅಣೆಕಟ್ಟಿನ ವಿರುದ್ಧ ಹೋರಾಡುತ್ತಿದ್ದವರ ಜೊತೆ ನಡೆದರು, ಅಲ್ಲಿನ ಹಾಡುಗಳನ್ನು ಬಾಯಿಂದ ಬಾಯಿಗೆ ಕಲಿತರು. ‘ಮಾ ರೇವಾ’ ಎಂಬ ನದಿಯ ಹಾಡು ಹಾಗೆ ಕಣಿವೆಯಿಂದ ದೆಹಲಿಗೆ ಬಂದದ್ದು. ಅದರಲ್ಲಿ ಬೇಸ್ ದಾರಿ ತೋರುತ್ತ ಮುಂದೆ ಹೋಗುತ್ತದೆ, ಮಿಕ್ಕವರು ಹಿಂಬಾಲಿಸುತ್ತಾರೆ. ಹಾಡುವ ಬಾಯಿ ಮತ್ತು ಬೇಸ್ ನುಡಿಸುವ ಕೈ ಒಬ್ಬನದೇ ಆದಾಗ ಮಾತ್ರ ಬರುವ ಗುಣ ಅದು.

ಆ ತಂಡದಲ್ಲಿ ಬೇಸಿಗೆ ಒಂದು ಹೊಸ ಸವಾಲೂ ಇತ್ತು. ಪಾಶ್ಚಾತ್ಯ ತಂಡದಲ್ಲಿ ಕೆಳಗಿನ ಸ್ಥಾಯಿಯನ್ನು ಹಂಚಿಕೊಳ್ಳುವುದು ಬೇಸ್ ಮತ್ತು ಡ್ರಮ್ಮಿನ ದೊಡ್ಡ ಡೋಲು. ಇಲ್ಲಿ ಅಶೀಮರ ತಬಲಾ ಜೋಡಿಯ ಡಗ್ಗಾ ಕೂಡ ಅಲ್ಲೇ ಇತ್ತು. ಅಂಗೈ ಒತ್ತಿ ಡಗ್ಗಾದ ಸ್ವರವನ್ನು ಜಾರಿಸಿದಾಗ ಅದು ಬೇಸಿನ ಜಾಗಕ್ಕೇ ಬಂದು ಕೂರುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಬರೀ ಗೊಜ್ಜು. ಆದ್ದರಿಂದ ಡಗ್ಗಾ ಜಾರಿದಾಗ ಬೇಸ್ ಮೇಲಿನ ಮೆಟ್ಟಿಲುಗಳಿಗೆ ಹೋಗಿ ಹಾಡಬೇಕು, ಡಗ್ಗಾ ಸುಮ್ಮನಾದಾಗ ಕೆಳಗೆ ಇಳಿಯಬೇಕು. ಈ ಕೊಡುಕೊಳ್ಳುವಿಕೆಯನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಎದುರುಬದುರು ಕೂತರೆ ಬರುತ್ತದೆ.

ಅವರ ಮೊದಲ ಸಂಕಲನವನ್ನು 1993ರಲ್ಲಿ ಎಚ್‌ಎಂವಿ ಹೊರತಂದಿತು. 1994ರಲ್ಲಿ ಡ್ರಮ್ಮಿಗೆ ಅಮಿತ್ ಕಿಲಮ್ ಸೇರಿದರು. ಎರಡನೆಯ ಸಂಕಲನ ‘ಡೆಸರ್ಟ್ ರೇನ್’ ಸ್ಟುಡಿಯೊದಲ್ಲಿ ಆಗಲೇ ಇಲ್ಲ. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ಬೀದಿನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿಯ ಮೇಲೆ ಹಲ್ಲೆಯಾಯಿತು, ಮರುದಿನ ಅವರು ತೀರಿಕೊಂಡರು. ಅವರ ನೆನಪಿಗೆ ಸಹಮತ್ ಸಂಸ್ಥೆ ಪ್ರತಿವರ್ಷ ದೆಹಲಿಯಲ್ಲಿ ಕಲಾವಿದರನ್ನು ಸೇರಿಸುತ್ತ ಬಂದಿದೆ. ಮಂಡಿ ಹೌಸ್ ಬಳಿ ನಡೆದ ಅಂಥದೊಂದು ಕಾರ್ಯಕ್ರಮದಲ್ಲಿ ತಂಡ ನುಡಿಸಿದ್ದೇ 1997ರಲ್ಲಿ ‘ಡೆಸರ್ಟ್ ರೇನ್’ ಆಗಿ ಬಂತು. ಹೊರಗಿನ ಚಳಿ, ಜನರ ಸದ್ದು, ನೇರ ನುಡಿಕೆ. ತಪ್ಪು ತಿದ್ದಲು ಎರಡನೆಯ ಅವಕಾಶವಿಲ್ಲ. ಅದನ್ನು ಕೇಳಿದವರಿಗೆ ಬೇಸ್ ವಾದ್ಯಮೇಳದ ಅಡಿಪಾಯ ಎಂಬ ಸವಕಲು ಮಾತು ಸಾಲದು ಎನ್ನಿಸುತ್ತದೆ. ಅಲ್ಲಿ ಅದು ನಡೆಯುವ ನೆಲ.

ಅದೇ ವರ್ಷ ಅಮಿತ್ ಸೈಗಲ್ ಗ್ರೇಟ್ ಇಂಡಿಯನ್ ರಾಕ್ ಉತ್ಸವ ಶುರುಮಾಡಿದರು. 1993ರಲ್ಲಿ ಅಲಹಾಬಾದಿನಲ್ಲಿ ಅವರು ಆರಂಭಿಸಿದ ರಾಕ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಆಗಲೇ ದೇಶದ ತಂಡಗಳನ್ನು ಒಂದಕ್ಕೊಂದು ಪರಿಚಯಿಸಿತ್ತು. ಶಿಲ್ಲಾಂಗಿನವನು ಯಾವ ಸ್ಪೀಕರು ಬಳಸುತ್ತಾನೆ ಎಂದು ಬೆಂಗಳೂರಿನವನಿಗೆ ತಿಳಿಯುತ್ತಿದ್ದದ್ದು ಇಂಥ ಪುಟಗಳಿಂದ. 2001ರ ಏಪ್ರಿಲ್ 1ರಿಂದ ಸರ್ಕಾರ ಗ್ರಾಹಕ ವಸ್ತುಗಳ ಆಮದಿನ ಮೇಲಿದ್ದ ಕೊನೆಯ ಪರಿಮಾಣ ನಿರ್ಬಂಧಗಳನ್ನೂ ತೆಗೆದುಹಾಕಿತು. ಅಂಗಡಿಗಳಲ್ಲಿ ವಿದೇಶಿ ಬೇಸ್, ಆಂಪ್ಲಿಫೈಯರ್ ಸಾಲಾಗಿ ಕಾಣತೊಡಗಿದವು. ಸುಂಕದಿಂದ ಬೆಲೆ ಏರಿದ್ದರೂ ಕಣ್ಣಿಗೆ ಕಂಡವು, ಕೈಗೆ ಸಿಕ್ಕಿ ಮೀಟಲು ಬಂದವು.

ಆದರೆ ಖಜೂರ್ ರೋಡಿನ ಮನೆಯಂಥದ್ದನ್ನು ಯಾವ ಆಮದು ನೀತಿಯೂ ತಂದುಕೊಡಲಾರದು. ಹಳೆಯ ಕಾಲದ ಮನೆಗಳ ಗೋಡೆ ದಪ್ಪ, ಸೂರು ಎತ್ತರ. ಮಂದ್ರ ಅಲ್ಲಿ ಸ್ವಲ್ಪ ಕಾಲು ಚಾಚುತ್ತದೆ. ಬಾಡಿಗೆಯ ಗಡಿಯಾರವಿಲ್ಲ. 2000ದ ‘ಕಂಡೀಸಾ’ ಸಂಕಲನ ಇಂಡಿಯನ್ ಓಷನ್ ತಂಡವನ್ನು ದೇಶದ ಮನೆಮನೆಗೆ ಒಯ್ದದ್ದು ಈ ಮನೆಯ ದಿನಗಳಲ್ಲೇ. ಅದರ ಶೀರ್ಷಿಕೆಯ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. 2009ರ ಡಿಸೆಂಬರ್ 25ರಂದು ಅಶೀಮ್ ತೀರಿಕೊಂಡರು. ‘16/330 ಖಜೂರ್ ರೋಡ್’ನಲ್ಲಿ ಇರುವುದು ಅವರ ಕೊನೆಯ ದನಿ. 2010ರ ಮಧ್ಯದಿಂದ ತಂಡ ಆ ಹಾಡುಗಳನ್ನು ತಿಂಗಳಿಗೊಂದರಂತೆ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಬಿಟ್ಟಿತು. ಹೋದ ಗೆಳೆಯನ ದನಿಯನ್ನು ತಿಂಗಳು ತಿಂಗಳು ಊರಿಗೆ ಹಂಚಿದಂತೆ.

ಮನೆಯಲ್ಲಿ ನುಡಿಸುವುದರಿಂದ ಮನೆಯಲ್ಲಿ ದಾಖಲಿಸುವತ್ತ ಇಟ್ಟ ಹೆಜ್ಜೆ ಇನ್ನೊಂದು ಕಥೆ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಪೋರ್ಟಾಸ್ಟುಡಿಯೊ ಎಂಬ ಯಂತ್ರ ತಂದಿತು. ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವುದು ಅದರ ಹೆಚ್ಚುಗಾರಿಕೆ. ಭಾರತದಲ್ಲಿ ಕ್ಯಾಸೆಟ್ಟಿಗೆ ಬರವಿರಲಿಲ್ಲ. 1983ರಲ್ಲಿ ಗುಲ್ಶನ್ ಕುಮಾರ್ ಶುರುಮಾಡಿದ ಸೂಪರ್ ಕ್ಯಾಸೆಟ್ಸ್ ನೊಯಿಡಾದಿಂದ ದೇಶಕ್ಕೆಲ್ಲ ಭಜನೆ ಮತ್ತು ಸಿನಿಮಾ ಹಾಡು ಹಂಚುತ್ತಿತ್ತು. ಬರವಿದ್ದದ್ದು ಆ ಯಂತ್ರಕ್ಕೆ. ಆದ್ದರಿಂದ ದೆಹಲಿಯ ಹೆಚ್ಚಿನ ಹುಡುಗರಿಗೆ ಮನೆಯ ಸ್ಟುಡಿಯೊ ಬಂದದ್ದು ಕ್ಯಾಸೆಟ್ಟಿನ ಮೂಲಕವಲ್ಲ, ನೆಹರೂ ಪ್ಲೇಸಿನ ಮೂಲಕ. ಅಲ್ಲಿನ ಅಂಗಡಿ ಸಾಲಿನಲ್ಲಿ ಬಿಡಿಭಾಗ ಆಯ್ದು ಜೋಡಿಸಿದ ಕಂಪ್ಯೂಟರು, ಒಂದು ಸೌಂಡ್ ಕಾರ್ಡು, ಕಳ್ಳಪ್ರತಿಯ ಸಾಫ್ಟ್‌ವೇರು. ನುಡಿಸಿದ್ದು ಅರೆಕ್ಷಣ ತಡವಾಗಿ ಕಿವಿಗೆ ಬರುತ್ತಿತ್ತು. ತಾಳ ಹಿಡಿಯಲು ಬೆರಳು ಕಿವಿಯನ್ನು ನಂಬದಿರಲು ಕಲಿಯಬೇಕಿತ್ತು.

ಇಲ್ಲಿ ಬೇಸಿಗೆ ಹಳೆಯ ಅದೃಷ್ಟ ಒಂದಿತ್ತು. ಗಿಟಾರಿಗೆ ಸ್ಪೀಕರು ಬೇಕು, ಸ್ಪೀಕರಿನ ಮುಂದೆ ಮೈಕು ಬೇಕು. ಬೇಸನ್ನು ನೇರವಾಗಿ ತಂತಿಯಲ್ಲೇ ಯಂತ್ರಕ್ಕೆ ಕೊಡಬಹುದು. ಡೆಟ್ರಾಯಿಟ್ಟಿನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ಅರವತ್ತರ ದಶಕದಲ್ಲೇ ಹಾಗೆ ನುಡಿಸಿ ಜಗತ್ತನ್ನು ಕುಣಿಸಿದ್ದರು. 1989ರಲ್ಲಿ ನ್ಯೂಯಾರ್ಕಿನ ಟೆಕ್ 21 ಕಂಪನಿ ತಂದ ಸ್ಯಾನ್ಸ್‌ಆಂಪ್ ಎಂಬ ಪುಟ್ಟ ಪೆಟ್ಟಿಗೆ ದೊಡ್ಡ ಆಂಪ್ಲಿಫೈಯರಿನ ಬಣ್ಣವನ್ನು ಅಂಗೈಗೆ ತಂದಿತು. 2011ರಲ್ಲಿ ಬಂದ ಫೋಕಸ್‌ರೈಟ್ ಕಂಪನಿಯ ಕೆಂಪು ಸ್ಕಾರ್ಲೆಟ್ ಪೆಟ್ಟಿಗೆ ಇಂದು ಊರೂರಿನ ಮಲಗುವ ಕೋಣೆಗಳಲ್ಲಿ ಕಾಣುತ್ತದೆ. ಇಬ್ಬರು ಎತ್ತಬೇಕಿದ್ದ ಎಸ್‌ವಿಟಿ ಲ್ಯಾಪ್‌ಟಾಪಿನೊಳಗೆ ಒಂದು ಚಿತ್ರವಾಗಿ ಕೂತಿದೆ. ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯಂಥ ದೆಹಲಿಯ ತಂಡಗಳು ದೊಡ್ಡ ಕಂಪನಿಯ ಬಾಗಿಲು ತಟ್ಟದೆ ತಮ್ಮ ಹಾಡನ್ನು ತಾವೇ ಕಟ್ಟಿ ಹೊರಬಿಟ್ಟು, ದೇಶದ ಆಚೆಗೂ ಕೇಳುಗರನ್ನು ಪಡೆದವು. ಆದಿತ್ಯ ಮತ್ತು ತರುಣ್ ಬಲಾನಿ ಸೋದರರು 2011ರಲ್ಲಿ ತೆರೆದ ಗ್ಲೋಬಲ್ ಮ್ಯೂಸಿಕ್ ಇನ್‌ಸ್ಟಿಟ್ಯೂಟ್ ಈಗ ಗ್ರೇಟರ್ ನೊಯಿಡಾದಲ್ಲಿದೆ. ಬೇಸನ್ನು ಪಾಠವಾಗಿ ಕಲಿಯಲು ಸಮುದ್ರ ದಾಟಬೇಕಿಲ್ಲ.

ಗುರುಗ್ರಾಮ, ನೊಯಿಡಾದ ಹದಿನೈದು ಇಪ್ಪತ್ತು ಮಹಡಿಯ ಕಟ್ಟಡಗಳಲ್ಲಿ ಗೋಡೆಗಳು ತೆಳು. ಅಲ್ಲಿ ಬೇಸ್ ಪೂರ್ತಿ ಹೆಡ್‌ಫೋನಿನೊಳಗೆ ಸೇರಿಕೊಂಡಿದೆ. ಪಕ್ಕದ ಮನೆಯವರಿಗೆ ಕೇಳುವುದು ತಂತಿಯ ಮೇಲಿನ ಟಕ್ ಟಕ್ ಮಾತ್ರ. ಮೂಲೆಗೆ ಹಾಸಿಗೆ ಆನಿಸಿ, ಕಿಟಕಿಗೆ ರಜಾಯಿ ಕಟ್ಟಿ ಸ್ಪೀಕರಿನಲ್ಲೊಮ್ಮೆ ಕೇಳೋಣ ಎಂದುಕೊಂಡವರಿಗೂ ಆ ಎಂಟು ಮೀಟರಿನ ಅಲೆ ಬಗ್ಗುವುದಿಲ್ಲ. ರಜಾಯಿ ತಡೆಯುವುದು ಮೇಲಿನ ದನಿಗಳನ್ನು. ಮಂದ್ರ ಅದನ್ನು ಹಾದು ಹೋಗುತ್ತದೆ.

ಜೂನ್ ತಿಂಗಳ ರಾತ್ರಿ ಒಂದು ಗಂಟೆ ಕಳೆದಿರುತ್ತದೆ. ಹೊರಗೆ ಇನ್ನೂ 35 ಡಿಗ್ರಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು ವಾದ್ಯದ ಪಿಕಪ್ಪಿನೊಳಗೆ ಝುಯ್ ಎನ್ನುತ್ತದೆ, ಎಸಿ ಶುರುವಾದಾಗಲೆಲ್ಲ ಟಪ್ ಎಂದು ಒಂದು ಸದ್ದು ದಾಖಲಾಗುತ್ತದೆ. ಎರಡನ್ನೂ ಆರಿಸಬೇಕು. ಟ್ಯೂಬ್‌ಲೈಟನ್ನೂ. ಗುಂಯ್‌ಗುಡುವಿಕೆ ಕಡಿಮೆಯಾಗುವ ದಿಕ್ಕು ಸಿಗುವವರೆಗೆ ಕುರ್ಚಿಯನ್ನು ಕೊಂಚ ಕೊಂಚವೇ ತಿರುಗಿಸಬೇಕು. ಅಂಗೈ ಒರೆಸಿ, ದಪ್ಪ ತಂತಿಯ ಮೂರನೇ ಮೆಟ್ಟಿಲಿಗೆ ಬೆರಳಿಟ್ಟು, ನಾಲ್ಕು ಎಣಿಸಿ ಶುರು. ಹಾಡು ನಾಲ್ಕೂವರೆ ನಿಮಿಷದ್ದು. ಬೆವರು ಮೊಣಕೈಯಿಂದ ಇಳಿದು ವಾದ್ಯದ ಮೈಮೇಲೆ ಬೀಳುತ್ತದೆ. ಕೊನೆಯ ಸ್ವರ ಪೂರ್ತಿ ಆರುವವರೆಗೆ ಉಸಿರು ಬಿಗಿಹಿಡಿದು ಕೂತು, ಆಮೇಲೆ ಕೈ ಚಾಚಿ ಫ್ಯಾನಿನ ಸ್ವಿಚ್ಚು ಹಾಕುತ್ತಾರೆ.